ತೈಚುಂಗ್‌ನ ಅಗ್ಗದ ಊಟದ ಅಂಗಡಿಗಳಲ್ಲಿ ಸಸ್ಯಾಹಾರಿಗಳು ಊಟ ಮಾಡುವುದು ಹೇಗೆ?

ಪ್ರಶ್ನೆ: ಉದ್ಯಮಬಾಗದವ, ಬೆಳಗಾವಿ

ಎಲ್ಲರಿಗೂ ಶರಣು. ನಾನು ಉದ್ಯಮಬಾಗದ ಯಂತ್ರಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರಲಿರುವ, ಕಂಪ್ಯೂಟರ್ ನಿಯಂತ್ರಣದಲ್ಲಿ ನಡೆಯುವ ಸಿಎನ್‌ಸಿ ಯಂತ್ರದ ತರಬೇತಿಗಾಗಿ ಮುಂದಿನ ತಿಂಗಳು ತೈವಾನಿನ ತೈಚುಂಗ್ ನಗರಕ್ಕೆ ಹೋಗಿ ಕೆಲವು ವಾರ ಇರಬೇಕಾಗಿದೆ. ನಮ್ಮದು ಲಿಂಗಾಯತ ಮನೆತನವಾದ್ದರಿಂದ ಮಾಂಸ, ಮೀನು, ಮೊಟ್ಟೆ ಯಾವುದನ್ನೂ ತಿನ್ನುವುದಿಲ್ಲ. ಹಾಲು, ಉಳ್ಳಾಗಡ್ಡಿ, ಬಳ್ಳೊಳ್ಳಿ ನಡೆಯುತ್ತವೆ. ಕಂಪನಿ ಕೊಡುವ ದಿನಭತ್ಯೆಯಲ್ಲಿ ದಿನವೂ ಭಾರತೀಯ ಹೋಟೆಲಿಗೆ ಹೋಗುವುದು ಸಾಧ್ಯವಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗೆಂದು ಅವ್ವ ಹೇಳುತ್ತಿದ್ದಾರೆ, ಒಯ್ಯುವವನೂ ಇದ್ದೇನೆ; ಆದರೆ ಅಷ್ಟು ದೂರ ಹೋದ ಮೇಲೆ ಅಲ್ಲಿನ ಸಾಮಾನ್ಯ ಜನ ಊಟ ಮಾಡುವ ಚಿಕ್ಕ ಅಂಗಡಿಗಳಲ್ಲಿ ಕುಳಿತು ಉಣ್ಣಬೇಕೆಂಬ ಆಸೆ ನನಗಿದೆ. ಅಲ್ಲಿನ ಭಾಷೆ ಬಾರದವನು ಸಸ್ಯಾಹಾರದ ಅಂಗಡಿಯನ್ನು ಗುರುತಿಸುವುದು ಹೇಗೆ, ಏನು ಕೇಳಬೇಕು, ಎಷ್ಟು ಖರ್ಚಾದೀತು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಟಿಳಕವಾಡಿ ಓದುಗ

ತಮ್ಮಂಥವರಿಗೆ ಪೂರ್ವ ಏಷ್ಯಾದಲ್ಲಿ ತೈವಾನಿನಷ್ಟು ಅನುಕೂಲವಾದ ನೆಲ ಬೇರೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಬೌದ್ಧರಲ್ಲಿ ಅನೇಕರು, ಯಿಗುವಾನ್‌ದಾವ್ ಎಂಬ ಪಂಥದವರಲ್ಲಿ ಇನ್ನೂ ಹೆಚ್ಚಿನವರು ವ್ರತವಾಗಿ ಸಸ್ಯಾಹಾರ ನಡೆಸುತ್ತಾರೆ. ಆ ಪಂಥದ ಕುಟುಂಬಗಳು ನಡೆಸುವ ಚಿಕ್ಕ ಊಟದ ಅಂಗಡಿಗಳು ಸಂತೆಯ ಹತ್ತಿರ, ಕಾಲೇಜಿನ ಹಿಂದೆ, ಕಾರ್ಖಾನೆಗಳ ಬೀದಿಯಲ್ಲಿ, ಹೀಗೆ ಎಲ್ಲೆಡೆ ಇವೆ. ಇಂಥ ಅಂಗಡಿಗಳ ಫಲಕದ ಮೇಲೆ ಬಹಳ ಸಲ ಸ್ವಸ್ತಿಕದ ಗುರುತು ಇರುತ್ತದೆ. ನಮ್ಮ ಸ್ವಸ್ತಿಕಕ್ಕೆ ಅದು ವಿರುದ್ಧ ದಿಕ್ಕಿನಲ್ಲಿ ತಿರುಗಿರುತ್ತದೆ. ಅದರ ಜೊತೆಗೆ 'ಸು' ಎಂದು ಓದುವ ಒಂದು ಅಕ್ಷರವಿರುತ್ತದೆ. ಆ ಅಕ್ಷರದ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಕಣ್ಣಿಗೆ ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ನೀವು ಮೊದಲು ಹೋಗಬೇಕಾದದ್ದು ತಾವೇ ಬಡಿಸಿಕೊಳ್ಳುವ ಅಂಗಡಿಗೆ. ನಮ್ಮ ಖಾನಾವಳಿಯಲ್ಲಿ ಬಡಿಸುವವರು ಪಂಕ್ತಿಯ ಬಳಿ ಬರುವಂತೆ ಅಲ್ಲಿ ಬರುವುದಿಲ್ಲ. ಉದ್ದನೆಯ ಕಟ್ಟೆಯ ಮೇಲೆ ಹತ್ತಾರು ತಟ್ಟೆಗಳಲ್ಲಿ ಪಲ್ಯಗಳನ್ನು ಜೋಡಿಸಿಟ್ಟಿರುತ್ತಾರೆ, ನೀವು ಕಾಗದದ ಡಬ್ಬಿಯನ್ನೋ ತಾಟನ್ನೋ ಹಿಡಿದು ಇಕ್ಕಳದಿಂದ ಬೇಕಾದಷ್ಟು ಹಾಕಿಕೊಂಡು ಕೊನೆಗೆ ಗಲ್ಲಾದ ಬಳಿ ಕೊಡುತ್ತೀರಿ. ಕೆಲವು ಕಡೆ ತೂಗಿ ಬೆಲೆ ಹೇಳುತ್ತಾರೆ, ಕೆಲವು ಕಡೆ ಮಾಲಕಿಯು ಒಮ್ಮೆ ಕಣ್ಣಾಡಿಸಿಯೇ ಹೇಳಿಬಿಡುತ್ತಾಳೆ. ಅನ್ನದೊಂದಿಗೆ ಸಾಧಾರಣ ಊಟಕ್ಕೆ 100 ತೈವಾನ್ ಡಾಲರಿನ ಆಸುಪಾಸು ಆಗುತ್ತದೆ, ಅಂದರೆ ನಮ್ಮ ಸುಮಾರು 300 ರೂಪಾಯಿಯಲ್ಲಿ ಮುಗಿಯುತ್ತದೆ. ತಿಳಿಸಾರನ್ನು ಸಾಮಾನ್ಯವಾಗಿ ಪುಕ್ಕಟೆ ಇಟ್ಟಿರುತ್ತಾರೆ. ಮೇಲುಸಂಭಾವನೆ (ಟಿಪ್ಸ್) ಕೊಡುವ ಪದ್ಧತಿಯಿಲ್ಲ. ಚಿಕ್ಕ ಅಂಗಡಿಗಳಲ್ಲಿ ಕಾರ್ಡ್ ನಡೆಯದಿರಬಹುದು, ಆದ್ದರಿಂದ ಚಿಲ್ಲರೆ ನಗದು ಜೊತೆಗಿರಲಿ.

ಪದಾರ್ಥಗಳು ನಿಮಗೆ ತೀರ ಅಪರಿಚಿತವಾಗಿರುವುದಿಲ್ಲ. ಬದನೆಕಾಯಿ, ಹಾಗಲಕಾಯಿ, ತುಪ್ಪದ ಹೀರೇಕಾಯಿ, ಕುಂಬಳ, ಕೋಬಿ, ಗೆಣಸಿನ ಬಳ್ಳಿಯ ಎಲೆಯ ಪಲ್ಯ ಎಲ್ಲವೂ ಇರುತ್ತವೆ. ಖಾರವೆಂಬುದು ಹೆಚ್ಚುಕಡಿಮೆ ಇರುವುದಿಲ್ಲ. ಅವ್ವ ಕಟ್ಟಿಕೊಡುವ ಶೇಂಗಾ ಚಟ್ನಿಗೆ ಇಲ್ಲಿ ನಿಜವಾದ ಕೆಲಸವಿದೆ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲೇ ಹೋಗುವುದು ಒಳ್ಳೆಯದು, ಏಕೆಂದರೆ ಆಗ ಎಲ್ಲ ಪಲ್ಯಗಳೂ ತುಂಬಿರುತ್ತವೆ. ಸಂಜೆ ಈ ಅಂಗಡಿಗಳು ಬೇಗನೆ ಮುಚ್ಚುತ್ತವೆ. ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಉಳಿದ ದಿನ ಮಾಂಸ ತಿನ್ನುವವರಲ್ಲಿಯೂ ಅನೇಕರು ಸಸ್ಯಾಹಾರ ಮಾಡುವುದರಿಂದ ಅಂದು ಗದ್ದಲ ಹೆಚ್ಚು.

ಉತ್ತರ: ಶಹಾಪುರದ ಅಕ್ಕ

ನಾನು ತೈವಾನಿನ ಸಿಂಚು ನಗರದಲ್ಲಿ ಓದಿದವಳು, ಜೈನ ಮನೆತನದವಳು. ಮೇಲಿನ ಸರ್ ಅವರು ಹೇಳಿದ್ದಕ್ಕೆ ಒಂದು ಮುಖ್ಯವಾದ ಮಾತನ್ನು ಸೇರಿಸುತ್ತೇನೆ. ಅಲ್ಲಿ ಸಸ್ಯಾಹಾರದಲ್ಲಿಯೇ ಹಲವು ವಿಧಗಳಿವೆ, ಪೊಟ್ಟಣದ ತಿನಿಸುಗಳ ಮೇಲೆ ಅದನ್ನು ಸ್ಪಷ್ಟವಾಗಿ ಮುದ್ರಿಸಿರುತ್ತಾರೆ: ಪೂರ್ಣ ಸಸ್ಯಾಹಾರ, ಹಾಲು ಸೇರಿದ್ದು, ಮೊಟ್ಟೆ ಸೇರಿದ್ದು, ಎರಡೂ ಸೇರಿದ್ದು, ಉಳ್ಳಾಗಡ್ಡಿ ಬಳ್ಳೊಳ್ಳಿಯ ಜಾತಿಯವು ಸೇರಿದ್ದು. ನೀವು ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ 'ಸು' ಎಂದಷ್ಟೇ ಕೇಳಿದರೆ ಸಾಲದು; ಪೂರ್ಣ ಸಸ್ಯಾಹಾರಕ್ಕೆ ಅವರು 'ಚುವಾನ್ ಸು' ಎನ್ನುತ್ತಾರೆ, ಅದನ್ನೇ ಕೇಳಿರಿ. ಅದರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇರುವುದಿಲ್ಲ. ವ್ರತಸ್ಥ ಬೌದ್ಧರು ಅವನ್ನು ವರ್ಜಿಸುತ್ತಾರೆ. ನನಗಂತೂ ಪರದೇಶದಲ್ಲಿ ಅದು ದೊಡ್ಡ ನೆಮ್ಮದಿಯಾಗಿತ್ತು. ಗಡ್ಡೆಗಳನ್ನು ಮಾತ್ರ ಅವರು ಬಿಡುವುದಿಲ್ಲ. ಗಜ್ಜರಿ, ಮೂಲಂಗಿ, ಕೆಸುವಿನ ಗಡ್ಡೆ ಧಾರಾಳವಾಗಿ ಬಳಸುತ್ತಾರೆ. ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿದಿರಲಿ: ತಾವೇ ಬಡಿಸಿಕೊಳ್ಳುವ ಅಂಗಡಿಯಲ್ಲಿ ಎಲ್ಲವೂ ಕಣ್ಣೆದುರಿಗೆ ಇರುವುದರಿಂದ ಬೇಡವಾದದ್ದನ್ನು ಬಿಟ್ಟು ಬೇಕಾದದ್ದನ್ನಷ್ಟೇ ಆರಿಸಿಕೊಳ್ಳಬಹುದು.

ಇನ್ನೊಂದು ವಿಷಯ. ಕೋಳಿ, ಮೀನು, ಹಂದಿಮಾಂಸದಂತೆಯೇ ಕಾಣುವ ತುಂಡುಗಳನ್ನು ನೋಡಿ ಹೆದರಬೇಡಿರಿ. ಅವನ್ನು ಸೋಯಾ, ಗೋಧಿಯ ಅಂಟು, ಅಣಬೆ ಮೊದಲಾದವುಗಳಿಂದ ಮಾಡಿರುತ್ತಾರೆ. ಆದರೆ ಕೆಲವದರಲ್ಲಿ ಮೊಟ್ಟೆಯ ಬಿಳಿಭಾಗ ಸೇರಿಸುವುದುಂಟು. ಸಂಶಯವಿದ್ದರೆ ತೋಫು (ಸೋಯಾ ಹಾಲಿನ ಪನೀರಿನಂಥದ್ದು) ಮತ್ತು ಕಾಯಿಪಲ್ಯೆಗಳೇ ಸಾಕು.

ಪ್ರಶ್ನೆ ಕೇಳಿದವರು: ಉದ್ಯಮಬಾಗದವ

ಸರ್, ಅಕ್ಕಾ, ಇಬ್ಬರಿಗೂ ಅನಂತ ಧನ್ಯವಾದಗಳು. ಅವ್ವನಿಗೆ ಓದಿ ಹೇಳಿದೆ, ಅವರಿಗೂ ಸಮಾಧಾನವಾಯಿತು. ಒಂದು ಸಂದೇಹ ಉಳಿದಿದೆ. ತರಬೇತಿ ಕೊಡುವವರು ಮಧ್ಯಾಹ್ನ ತಮ್ಮೊಂದಿಗೆ ಹತ್ತಿರದ ನೂಡಲ್ಸ್ ಅಂಗಡಿಗೆ ಕರೆದೊಯ್ಯುವುದು ವಾಡಿಕೆಯಂತೆ. ಪ್ರೀತಿಯಿಂದ ಕರೆಯುವವರನ್ನು ದಿನವೂ ಬಿಟ್ಟು ಒಬ್ಬನೇ ಬೇರೆಡೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ. ಅಂಥಲ್ಲಿ ಏನು ಮಾಡಲಿ?

ಉತ್ತರ: ಇಳಕಲ್ ಸೀಮೆಯವ

ಹೋಗಲೇಬೇಕು, ಜೊತೆಗೆ ಕುಳಿತು ಉಣ್ಣುವುದಕ್ಕೆ ಅಲ್ಲಿನವರು ಬಹಳ ಬೆಲೆ ಕೊಡುತ್ತಾರೆ. ಆದರೆ ಸಾಮಾನ್ಯ ನೂಡಲ್ಸ್ ಅಂಗಡಿಯಲ್ಲಿ ಮಾಂಸ ಕಣ್ಣಿಗೆ ಕಾಣದ ರೂಪದಲ್ಲಿ ಬರುತ್ತದೆಂಬ ಎಚ್ಚರವಿರಲಿ. ಸಾರನ್ನು ಬಹುಮಟ್ಟಿಗೆ ಹಂದಿಯ ಇಲ್ಲವೆ ದನದ ಎಲುಬು ಕುದಿಸಿಯೇ ಮಾಡಿರುತ್ತಾರೆ. ಬರೀ ಬೇಯಿಸಿದ ಸೊಪ್ಪು ಎಂದು ತರಿಸಿಕೊಂಡರೂ ಅದರ ಮೇಲೆ ಒಂದು ಚಮಚ ಮಾಂಸದ ಗೊಜ್ಜು ಸುರಿದು ಕೊಡುವುದು ಅವರ ಪದ್ಧತಿ. ಬೆಳಗಿನ ತಿಂಡಿಯ ಅಂಗಡಿಗಳಲ್ಲಿ ಸಿಹಿ ಸೋಯಾ ಹಾಲು ನಿಮಗೆ ನಡೆಯುತ್ತದೆ, ಆದರೆ ಉಪ್ಪಿನ ಸೋಯಾ ಹಾಲಿಗೆ ಒಣ ಸಿಗಡಿ ಹಾಕುತ್ತಾರೆ. ನಾತ ಬರುವ ತೋಫುವಿನ ಹೆಸರು ಕೇಳಿರಬಹುದು. ಅದನ್ನು ನೆನೆಹಾಕುವ ನೀರಿನಲ್ಲಿಯೂ ಕೆಲವರು ಸಿಗಡಿ ಬಳಸುತ್ತಾರಾದ್ದರಿಂದ ಸಸ್ಯಾಹಾರದ ಅಂಗಡಿಯಲ್ಲಿ ಮಾತ್ರ ತಿನ್ನಿರಿ.

ಇಂಥ ಅಂಗಡಿಯಲ್ಲಿ ನಿಮಗೆ ಹೊಂದುವುದು ಎಳ್ಳಿನ ಗೊಜ್ಜು ಕಲಸಿದ ತಣ್ಣನೆಯ ನೂಡಲ್ಸ್. ಹುರಿದ ಎಳ್ಳನ್ನು ನುಣ್ಣಗೆ ಅರೆದು, ಸೋಯಾ ಸಾಸ್, ಬಳ್ಳೊಳ್ಳಿ ಬೆರೆಸಿ, ಮೇಲೆ ಸೌತೆಕಾಯಿಯ ಎಳೆಗಳನ್ನು ಹಾಕಿ ಕೊಡುತ್ತಾರೆ. ಎಳ್ಳು ತಿಂದು ಬೆಳೆದ ನಮಗೆ ಅದು ಮೊದಲ ತುತ್ತಿಗೇ ಒಗ್ಗುತ್ತದೆ. ಅದರ ಜೊತೆಗೆ ಬರುವ ಮಿಸೋ (ಹುದುಗಿಸಿದ ಸೋಯಾ ಗೊಜ್ಜಿನ) ಸಾರಿನಲ್ಲಿ ಮೀನು, ಮೊಟ್ಟೆ ಇರುತ್ತವೆ, ಮುಟ್ಟಬೇಡಿರಿ. ಸುಮಾರು ಅಂಗಡಿಗಳಲ್ಲಿ ಮೇಜಿನ ಮೇಲೆಯೇ ಪದಾರ್ಥಗಳ ಪಟ್ಟಿಯ ಚೀಟಿ ಮತ್ತು ಪೆನ್ಸಿಲ್ ಇರುತ್ತವೆ. ಮೇಜಿನ ಸಂಖ್ಯೆ ಬರೆದು, ಬೇಕಾದದ್ದರ ಮುಂದೆ ಗುರುತು ಹಾಕಿ ಗಲ್ಲಾಕ್ಕೆ ಕೊಡಬೇಕು. ಮಾಂಸದ ಗೊಜ್ಜು, ಮೊಟ್ಟೆ, ಎಲುಬಿನ ಸಾರು ಬೇಡವೆಂದು ನಿಮ್ಮ ಸಂಗಡಿಗರಿಂದ ಮೊದಲ ದಿನವೇ ಒಂದು ಚೀಟಿ ಬರೆಸಿಕೊಂಡು ಇಟ್ಟುಕೊಳ್ಳಿರಿ, ಅವರಿಲ್ಲದ ದಿನವೂ ಅದು ಕೆಲಸ ಕೊಡುತ್ತದೆ. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬಾರದು. ಸತ್ತವರಿಗೆ ಊದಿನಕಡ್ಡಿ ಹಚ್ಚಿದ ಹಾಗೆ ಕಾಣುತ್ತದೆಂದು ಅದನ್ನು ಅಶುಭವೆಂದು ಭಾವಿಸುತ್ತಾರೆ.

ಊಟವಾದ ಮೇಲೆ 'ದೋಹುವಾ' ಮಾರುವ ಅಂಗಡಿ ಹುಡುಕಿರಿ. ಬಾಯಲ್ಲಿಟ್ಟರೆ ಕರಗುವ ಮೆತ್ತನೆಯ ತೋಫುವಿನ ಮೇಲೆ ಶುಂಠಿಯ ಅಥವಾ ಸಕ್ಕರೆಯ ಪಾಕ ಹಾಕಿ, ಬೆಂದ ಶೇಂಗಾ ಉದುರಿಸಿ ಕೊಡುತ್ತಾರೆ. ಛಳಿಯಲ್ಲಿ ಬಿಸಿಯಾಗಿ, ಬೇಸಿಗೆಯಲ್ಲಿ ಮಂಜುಗಡ್ಡೆಯೊಂದಿಗೆ ಸಿಗುತ್ತದೆ.