ಸಹಾಯ ಬೇಕು: ಅಪ್ಪನ ಕಾಲಿನಲ್ಲಿ ರಕ್ತದ ಹೆಪ್ಪು, ಬಸ್ಸಾರಿನ ಅಳತೆ ಹೇಗೆ?

ಮಂಡ್ಯದ ಪಕ್ಕದ ಹಳ್ಳಿಯವರು ನಾವು. ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆಗೆ 14. ಹೋದ ತಿಂಗಳು ಎಡಗಾಲಿನ ಮೀನಖಂಡ ಊದಿಕೊಂಡಿತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೆಯೇ ನಿಲ್ಲುತ್ತಿತ್ತು. ಕಬ್ಬು ಕಡಿದ ಆಯಾಸವೆಂದು ಎಣ್ಣೆ ಹಚ್ಚಿ ತಿಕ್ಕಿದೆವು. ತಿಕ್ಕಲೇಬಾರದಿತ್ತು. ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ರಕ್ತದ ಹೆಪ್ಪು.

ಸಕ್ಕರೆ ಬಹುಕಾಲ ಹೆಚ್ಚಿದ್ದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ, ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಏರುತ್ತದೆ, ಕಟ್ಟಿದ ಹೆಪ್ಪು ಕರಗುವುದೂ ನಿಧಾನ ಎಂದು ವೈದ್ಯರು ವಿವರಿಸಿದರು. ಗಾಯದ ರಕ್ತ ತಟ್ಟನೆ ನಿಂತರೆ ‘ನನ್ನದು ಗಟ್ಟಿ ರಕ್ತ’ ಎನ್ನುತ್ತಿದ್ದ ಅಪ್ಪ ಈಗ ಮಾತಾಡುತ್ತಿಲ್ಲ.

ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ಕೊಟ್ಟಿದ್ದಾರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಅಂಕಿ 2ರಿಂದ 3ರೊಳಗೆ ಇರಬೇಕು. ತೊಡಕಿರುವುದು ಊಟದಲ್ಲಿ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಬಲ ತಗ್ಗಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ಪ್ರಮಾಣ ಒಂದೇ ಸಮನಾಗಿರಲಿ ಎಂದಿದ್ದಾರೆ. ನಮ್ಮದು ಮುದ್ದೆ, ಬಸ್ಸಾರಿನ ಮನೆ. ಒಂದು ದಿನ ಕಂತೆಗಟ್ಟಲೆ ಸೊಪ್ಪು, ಮೂರು ದಿನ ಬರೀ ಅವರೆಕಾಳು. ಇದನ್ನು ಹೇಗೆ ಸರಿತೂಗಿಸಿದಿರಿ, ಅನುಭವವಿರುವವರು ತಿಳಿಸಿ. ಮಂಡ್ಯದಲ್ಲಿ ಮನೆಗೇ ಬಂದು ಐಎನ್‌ಆರ್ ಪರೀಕ್ಷೆಗೆ ರಕ್ತ ಪಡೆಯುವವರಿದ್ದರೆ ಅದನ್ನೂ ಹೇಳಿ. ಪ್ರತಿ ಸಲ ಅಪ್ಪನನ್ನು ಮೈಸೂರಿನ ಬಸ್ಸಿಗೆ ಹತ್ತಿಸುವುದು ಕಷ್ಟ.

ಬೆಳ್ಳುಳ್ಳಿ ಕಷಾಯದ ಸಲಹೆ ಮಾತ್ರ ಬೇಡ. ಈ ಮಾತ್ರೆಯ ಜೊತೆ ಅದು ರಕ್ತಸ್ರಾವಕ್ಕೆ ದಾರಿಯಾಗಬಹುದು.