ಮಾದೇವರಾಯನ ಕುದುರೆ

ನಮ್ಮ ಭಾನುವಾರದ ಕೂಟದಲ್ಲಿ ನಾಲ್ಕೇ ಜನ. ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟರು, ನೀರಾವರಿ ಕಾಮಗಾರಿಗಳಲ್ಲಿ ತಲೆ ನರೆಸಿಕೊಂಡ ಇಂಜಿನಿಯರ್, ಜಗತ್ತಿನ ಸಕಲ ದುಃಖವನ್ನೂ ಜಮಾ-ಖರ್ಚಿನಲ್ಲಿ ಬರೆಯಬಲ್ಲ ಲೆಕ್ಕಿಗ, ಮತ್ತು ಯಾರ ಮಾತಿಗೂ ಸುಲಭವಾಗಿ ತಲೆದೂಗದ ಗೆಳತಿ. ಐದನೆಯವನು ನಾನು. ಮನೆ ನನ್ನದಾದ್ದರಿಂದ ಚಹಾ ಮಾಡುವ ಹಕ್ಕು ಮಾತ್ರ ನನಗಿದೆ, ಮತದಾನದ ಹಕ್ಕಿಲ್ಲ.

ಆ ಭಾನುವಾರ ಮೇಷ್ಟರು ಒಳಗೆ ಬಂದಾಗ ನನ್ನ ಅಳಿಯ ಬಿಟ್ಟುಹೋಗಿದ್ದ ಆಟದ ಯಂತ್ರದ ಮುಂದೆ ಇಂಜಿನಿಯರ್ ಕುಳಿತಿದ್ದ. ಟಿವಿಯ ಪರದೆಯ ಮೇಲೆ ತುದಿಯೇ ಕಾಣದ ಉದ್ದನೆಯ ಸೇತುವೆ. ಅದರ ಮೇಲೆ ಕಪ್ಪು ಕುದುರೆ. ಕುದುರೆಯ ಮೇಲೊಬ್ಬ ಹುಡುಗ, ಅವನ ಮುಂದೆ ಬಟ್ಟೆಯಲ್ಲಿ ಸುತ್ತಿದ ಒಂದು ಹೆಣ್ಣಿನ ದೇಹ. ಮೇಷ್ಟರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

“ಇವನು ಮಾದೇವರಾಯನಲ್ಲವೇ?”

“ಇವನ ಹೆಸರು ವಾಂಡರ್. ಆಟದ ಹೆಸರು ಶ್ಯಾಡೋ ಆಫ್ ದ ಕೊಲೊಸಸ್. ಜಪಾನಿನ ಫುಮಿಟೊ ಉಎಡಾ ನಿರ್ದೇಶಿಸಿದ್ದು, 2005ರಲ್ಲಿ ಬಂದದ್ದು. ಇದು 2018ರಲ್ಲಿ ಹೊಸದಾಗಿ ಕಟ್ಟಿದ ಆವೃತ್ತಿ,” ಎಂದ ಇಂಜಿನಿಯರ್.

“ಹೆಸರು ಏನಾದರೂ ಇರಲಿ. ಹುಡುಗಿ ಹೇಗೆ ಸತ್ತಳು?”

“ಅವಳ ಹಣೆಬರಹ ಶಾಪಗ್ರಸ್ತವಾಗಿದೆ ಎಂದು ಬಲಿ ಕೊಟ್ಟರಂತೆ.”

ಮೇಷ್ಟರು ಸೋಫಾದ ಮೇಲೆ ಕುಳಿತು, ಪರೀಕ್ಷೆಯಲ್ಲಿ ನಕಲು ಹೊಡೆದವನನ್ನು ಹಿಡಿದ ಮುಖ ಮಾಡಿ ಹೇಳಿದರು: “ನಾನು ಹೇಳಲಿಲ್ಲವೇ?”

ಅಲ್ಲಿಂದ ಶುರುವಾಯಿತು. ಮೂರು ಭಾನುವಾರ ನಡೆಯಿತು.

“ಕೆರೆಗೆ ಹಾರ” ಎಂಬ ಜನಪದ ಹಾಡು ಗೊತ್ತಿಲ್ಲದವರಿಲ್ಲ, ಹೇಳಬೇಕಾಗಿಲ್ಲ ಎಂದು ಮೇಷ್ಟರು ಹೇಳಿದರು, ಹೇಳಿ ಅರ್ಧ ಗಂಟೆ ಹೇಳಿದರು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಕೆರೆಯಲ್ಲಿ ಸೆರೆ ನೀರಿಲ್ಲ. ಶಾಸ್ತ್ರದ ಹೊತ್ತಿಗೆ ತೆಗೆಸಿ ನೋಡಿದರೆ ಮನೆಯ ಸೊಸೆಯನ್ನು ಹಾರ, ಎಂದರೆ ಬಲಿ, ಕೊಡಬೇಕು ಎನ್ನುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರಿದ್ದಾರೆ? ಕಿರಿಸೊಸೆ ಭಾಗೀರತಿಯನ್ನು ಕೊಡೋಣ ಎಂದು ಮಾತಾಗುತ್ತದೆ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ.

“ನೋಡಿ, ಇದು ಶುದ್ಧ ಇಂಜಿನಿಯರಿಂಗ್ ಲೋಪ,” ಎಂದ ನಮ್ಮವನು. “ಜಲಾನಯನ ಪ್ರದೇಶ ನೋಡದೆ ಏರಿ ಹಾಕಿದರೆ ನೀರು ಎಲ್ಲಿಂದ ಬರಬೇಕು? ಗೌಡ ಹೊತ್ತಿಗೆ ತೆಗೆಸುವುದಿದ್ದರೆ ಮಣ್ಣು ಅಗೆಯುವ ಮೊದಲು ತೆಗೆಸಬೇಕಿತ್ತು.”

“ನಿಮ್ಮ ಇಲಾಖೆಯಲ್ಲಿ ಹಾಗೆಯೇ ಮಾಡುತ್ತಿದ್ದಿರಾ?” ಎಂದಳು ಗೆಳತಿ.

ಇಂಜಿನಿಯರ್ ತಕ್ಷಣ ಆಟದ ಕಡೆ ತಿರುಗಿಕೊಂಡ.

ಲೆಕ್ಕಿಗನಿಗೆ ಹಿಡಿಸಿದ್ದು ಬೇರೆ. “ಸೇವಾ ಹಿರಿತನ! ಹಿರಿಸೊಸೆ ಕಾಯಂ ನೌಕರಳು, ಕಿರಿಸೊಸೆ ಹಂಗಾಮಿ. ಕಡಿತ ಯಾವಾಗಲೂ ಕೆಳಗಿನಿಂದಲೇ ಶುರುವಾಗುತ್ತದೆ. ಜನಪದರಿಗೆ ಕಚೇರಿಯೇ ಗೊತ್ತಿಲ್ಲದೆ ಕಚೇರಿಯ ಪದ್ಧತಿ ಇಷ್ಟು ಸರಿಯಾಗಿ ಹೇಗೆ ಗೊತ್ತಾಯಿತು?”

ಆಟದ ಕಥೆ ಸರಳ. ನಿಷಿದ್ಧ ನಾಡಿನ ಗುಡಿಯೊಂದರ ಕಲ್ಲುಕಟ್ಟೆಯ ಮೇಲೆ ಹುಡುಗ ಅವಳನ್ನು ಮಲಗಿಸುತ್ತಾನೆ. ಮೇಲಿನಿಂದ ಒಂದು ದನಿ ಬರುತ್ತದೆ. ಗಂಡೂ ಹೆಣ್ಣೂ ಒಟ್ಟಿಗೆ ನುಡಿದಂತಹ ದನಿ. ಅದರ ಹೆಸರು ಡೊರ್ಮಿನ್. ಈ ನಾಡಿನಲ್ಲಿರುವ ಹದಿನಾರು ದೈತ್ಯರನ್ನು ಕೊಂದರೆ ಅವಳು ಬದುಕಬಹುದು, ಆದರೆ ನೀನು ತೆರುವ ಬೆಲೆ ದೊಡ್ಡದಾದೀತು ಎನ್ನುತ್ತದೆ. ಹುಡುಗ ಯೋಚಿಸುವುದೇ ಇಲ್ಲ, ಆಗಲಿ ಎನ್ನುತ್ತಾನೆ.

“ಇಂಗ್ಲಿಷಿನಲ್ಲಿ ಡೊರ್ಮಿನ್ ಎಂಬುದನ್ನು ಹಿಂದುಮುಂದಾಗಿ ಓದಿದರೆ ನಿಮ್ರೋಡ್ ಎಂದಾಗುತ್ತದೆ, ಬೈಬಲ್ಲಿನ ಬೇಟೆಗಾರ ರಾಜನ ಹೆಸರು,” ಎಂದು ಇಂಜಿನಿಯರ್ ತನ್ನ ಪಾಂಡಿತ್ಯ ತೋರಿಸಿದ. ಮೇಷ್ಟರು ಕಾಗದದ ಮೇಲೆ ಕನ್ನಡದಲ್ಲಿ ಬರೆದು ತಿರುಗಿಸಿ ನೋಡಿ, ನ್ಮಿರ್ಡೊ ಎಂದು ಎರಡು ಸಲ ಉಚ್ಚರಿಸಿ, ಒತ್ತಕ್ಷರವಿಲ್ಲದ ಭಾಷೆಗಳ ಬಗ್ಗೆ ಸ್ವಲ್ಪ ಹೊತ್ತು ಮರುಕ ಪಟ್ಟರು.

ಕುದುರೆ ಮಾತ್ರ ಅವರಿಗೆ ಬೇಕಾಯಿತು. “ಕೊಡು ಇಲ್ಲಿ,” ಎಂದು ನಿಯಂತ್ರಕವನ್ನು ಕಸಿದುಕೊಂಡರು. ಅಗ್ರೋ ಎಂಬ ಆ ಕುದುರೆ ಬೇರೆ ಆಟಗಳ ಕುದುರೆಯಂತೆ ಗುಂಡಿ ಒತ್ತಿದ ಕಡೆಗೆಲ್ಲ ತಟ್ಟನೆ ತಿರುಗುವುದಿಲ್ಲ. ಅದಕ್ಕೆ ಸ್ವಂತ ಬುದ್ಧಿಯಿದೆ. ಹಳ್ಳ ಕಂಡರೆ ತಾನೇ ನಿಲ್ಲುತ್ತದೆ, ಕಿರಿದಾದ ದಾರಿಯಲ್ಲಿ ತಾನೇ ಹೊರಳಿಕೊಳ್ಳುತ್ತದೆ. ಮೇಷ್ಟರು ಬಲಕ್ಕೆ ಎಂದರೆ ಅದು ಯೋಚಿಸಿ ಬಲಕ್ಕೆ ಹೋಗುತ್ತಿತ್ತು. ಐದೇ ನಿಮಿಷಕ್ಕೆ ಅವರು “ಬಾರಪ್ಪ, ಹಾಗಲ್ಲ, ಈ ಕಡೆ” ಎಂದು ಗಟ್ಟಿಯಾಗಿ ಮಾತನಾಡತೊಡಗಿದರು. ನಲವತ್ತು ಮಕ್ಕಳ ತರಗತಿಯನ್ನು ಮೂವತ್ತು ವರ್ಷ ಸಂಭಾಳಿಸಿದವರಿಗೆ ಮಾತು ಕೇಳದ ಒಂದು ಕುದುರೆಯ ಮೇಲೆ ಪ್ರೀತಿ ಹುಟ್ಟಿದ್ದು ಸಹಜ.

“ಹಾಡಿನಲ್ಲಿಯೂ ಕುದುರೆ ಇದೆ,” ಎಂದರು ಸವಾರಿಯ ಮಧ್ಯೆ. “ಮಾದೇವರಾಯನಿಗೆ ದಂಡಿನಲ್ಲಿ ಕೆಟ್ಟ ಕನಸು ಬೀಳುತ್ತದೆ. ಹೊದೆದ ಸೆಲ್ಲೆ ಸುಟ್ಟ ಹಾಗೆ, ಕೈಯ ಕೋಲು ಮುರಿದ ಹಾಗೆ. ಎದ್ದವನೇ ಬತ್ತಲಗುದುರೆ ಹತ್ತುತ್ತಾನೆ. ಬತ್ತಲಗುದುರೆ ಎಂದರೆ ಏನು ಗೊತ್ತೇ? ಜೀನು ಹಾಕದ ಕುದುರೆ. ಜೀನು ಬಿಗಿಯುವಷ್ಟು ಪುರಸೊತ್ತು ಇಲ್ಲ. ಅವನ ಅವಸರ ಎಷ್ಟೆಂದು ಹಾಡಿದವಳು ಬೇರೆ ಹೇಳಲಿಲ್ಲ, ಆ ಒಂದು ಮಾತಿನಲ್ಲಿ ಮುಗಿಸಿದಳು.”

ಕೆಲಸ ಹಂಚಿಕೆಯಾಯಿತು. ಸವಾರಿಗೆ ಮೇಷ್ಟರು, ಕೊಲೆಗೆ ಇಂಜಿನಿಯರ್. ಲೆಕ್ಕಿಗನ ಪಾಲಿಗೆ ಹಲ್ಲಿ: ಬಿಳಿಬಾಲದ ಹಲ್ಲಿಗಳನ್ನು ಹಿಡಿದು ಬಾಲ ತಿಂದರೆ ಹುಡುಗನ ಹಿಡಿತದ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತದೆ. ಅವನು ಅದನ್ನು ಚಕ್ರಬಡ್ಡಿ ಎಂದು ಕರೆದು, ದೈತ್ಯರನ್ನು ಮರೆತು ಇಡೀ ಸಂಜೆ ಹಲ್ಲಿ ಬೇಟೆಯಲ್ಲಿ ಕಳೆದ.

ಮೊದಲ ದೈತ್ಯನನ್ನು ಕೊಂದದ್ದು ನನಗೆ ಚೆನ್ನಾಗಿ ನೆನಪಿದೆ. ಖಡ್ಗವನ್ನು ಬಿಸಿಲಿಗೆ ಎತ್ತಿ ಹಿಡಿದರೆ ಬೆಳಕಿನ ಗೆರೆಗಳು ಒಂದಾಗಿ ದಾರಿ ತೋರಿಸುತ್ತವೆ. ಬಂಡೆ ಹತ್ತಿ ಹೋದರೆ ಅವನು ತನ್ನ ಪಾಡಿಗೆ ತಾನು ನಡೆಯುತ್ತಿದ್ದ. ಅರ್ಧ ಕಟ್ಟಡ, ಅರ್ಧ ಪ್ರಾಣಿ. ಮೈಮೇಲೆ ಒಣಹುಲ್ಲಿನಂತಹ ರೋಮ. ಇಂಜಿನಿಯರ್ ಮೀನಖಂಡ ಹಿಡಿದು ಹತ್ತಿದ, ಬಿದ್ದ, ಮತ್ತೆ ಹತ್ತಿದ. ದೈತ್ಯ ಕೊಡವಿದಾಗಲೆಲ್ಲ ನಾವು ನಾಲ್ವರೂ ಸೋಫಾ ಹಿಡಿದುಕೊಂಡೆವು. ಕೊನೆಗೆ ನೆತ್ತಿಯ ಮೇಲೆ ಹೊಳೆಯುವ ಗುರುತಿಗೆ ಖಡ್ಗ ಇಳಿಯಿತು.

ಲೆಕ್ಕಿಗ ಚಪ್ಪಾಳೆಗೆ ಎತ್ತಿದ ಕೈ ಹಾಗೆಯೇ ನಿಂತಿತು. ಜಯಭೇರಿ ಬಾರಿಸಬೇಕಾದ ಕಡೆ ಆಟ ಶೋಕಗೀತೆ ಹಾಡುತ್ತಿತ್ತು. ದೈತ್ಯ ನಿಧಾನವಾಗಿ, ಏರಿ ಕುಸಿದಂತೆ, ಮುಂದಕ್ಕೆ ಬಿದ್ದ. ಅವನ ಮೈಯಿಂದ ಕಪ್ಪು ಎಳೆಗಳು ಹೊರಟು ಹುಡುಗನ ಮೈಗೆ ಚುಚ್ಚಿಕೊಂಡವು. ಹುಡುಗ ಮೂರ್ಛೆ ಹೋದ.

“ನಾವು ಗೆದ್ದೆವೋ ಸೋತೆವೋ?” ಎಂದ ಲೆಕ್ಕಿಗ. “ಯಾವ ಕಲಂನಲ್ಲಿ ಬರೆಯಲಿ?”

“ಅವನು ಏನು ತಪ್ಪು ಮಾಡಿದ್ದ?” ಎಂದರು ಮೇಷ್ಟರು. “ನಡೆಯುತ್ತಿದ್ದ, ಅಷ್ಟೇ.”

ಇಂಜಿನಿಯರ್ ಸಂಕೋಚದಿಂದ ಕೈ ಒರೆಸಿಕೊಂಡ.

ಎರಡನೆಯ ಭಾನುವಾರ ಲೆಕ್ಕಿಗ ತನ್ನ ತಖ್ತೆಯೊಂದಿಗೆ ಬಂದ. ಹಾಡಿನಲ್ಲಿ ಊರಿನ ನೀರಿಗಾಗಿ ಒಂದು ಜೀವ. ಆಟದಲ್ಲಿ ಒಂದು ಜೀವಕ್ಕಾಗಿ ಹದಿನಾರು. “ಒಂದರ ತಲೆಕೆಳಗು ಇನ್ನೊಂದು. ಆದ್ದರಿಂದ ಸಾಮ್ಯವಿಲ್ಲ. ಸಭೆ ಬರಖಾಸ್ತು.”

“ಸಾಮ್ಯವಿದೆ,” ಎಂದರು ಮೇಷ್ಟರು. “ಇಬ್ಬರು ನಾಯಕರೂ ತಡವಾಗಿ ಬಂದವರು.”

“ಇಬ್ಬರೂ ಅವಳನ್ನು ಏನೂ ಕೇಳದವರು,” ಎಂದಳು ಗೆಳತಿ.

ಕೊಂಚ ಹೊತ್ತು ಯಾರೂ ಮಾತನಾಡಲಿಲ್ಲ. ನಾನು ಚಹಾ ತಂದೆ. ಆಪತ್ಕಾಲದಲ್ಲಿ ನನ್ನ ಹುದ್ದೆಗೆ ಬೆಲೆ ಬರುತ್ತದೆ.

ಗೆಳತಿ ಮುಂದುವರಿಸಿದಳು. “ನಿಮ್ಮ ಆಟದಲ್ಲಿ ಆ ಮೋನೋ ಎಂಬ ಹುಡುಗಿ ಕಲ್ಲುಕಟ್ಟೆಯ ಮೇಲೆ ಮಲಗಿದ್ದಾಳೆ, ಅಷ್ಟೇ. ಯಾರು ಬಲಿ ಕೊಟ್ಟರು, ಆ ದಿನ ಅವಳು ಏನು ಮಾಡುತ್ತಿದ್ದಳು, ಯಾರಾದರೂ ಅತ್ತರೇ, ಒಂದೂ ಇಲ್ಲ. ಹುಡುಗ ಕುದುರೆ ಹತ್ತಿದ ಮೇಲೆಯೇ ಕಥೆ. ಹಾಡನ್ನು ಹೆಂಗಸರು ಹಾಡಿದರು, ಅವರು ಅಡುಗೆಮನೆಯಿಂದ ಶುರು ಮಾಡಿದರು. ಭಾಗೀರತಿ ತವರಿಗೆ ಹೋಗುತ್ತಾಳೆ. ಅಪ್ಪ ಯಾಕೆ ಕಣ್ಣೀರು ಎಂದು ಕೇಳಿದರೆ ನಿಜ ಹೇಳುವುದಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡಿಸುತ್ತೇನೆ ಎನ್ನುತ್ತಾನೆ ಅಪ್ಪ. ವಾಲೆಯ ಜೋಡಿ ಕೊಡಿಸುತ್ತೇನೆ ಎನ್ನುತ್ತಾಳೆ ಅವ್ವ. ಮುಳುಗುವವಳಿಗೆ ವಾಲೆ! ಗೆಳತಿಯ ಮನೆಯಲ್ಲಿ ಮಾತ್ರ ನಿಜ ಹೇಳುತ್ತಾಳೆ.”

“ಗೆಳತಿ ಏನು ಮಾಡಿದಳು?” ಎಂದ ಇಂಜಿನಿಯರ್. ಅವನು ಪಾಠ ಮರೆತಿದ್ದ.

“ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂದಳು.”

“ಇಷ್ಟೇ?”

“ಇಷ್ಟೇ. ಆಮೇಲೆ ಮನೆಗೆ ಬಂದು ಪೂಜೆಗೆ ಬೇಳೆ ಹಸನು ಮಾಡುತ್ತಾ ಅಳುತ್ತಾಳೆ. ಮಾವ ಕೇಳಿದರೆ ಬೇಳೆಯ ಹರಳು ಕಣ್ಣಿಗೆ ಬಿತ್ತು ಎನ್ನುತ್ತಾಳೆ. ಕೇಳಿದವನಿಗೆ ಕಾರಣ ಗೊತ್ತು, ಹೇಳಿದವಳಿಗೆ ಅವನಿಗೆ ಗೊತ್ತೆಂದು ಗೊತ್ತು. ನಿಮ್ಮ ಹದಿನಾರು ದೈತ್ಯರನ್ನು ಒಟ್ಟಿಗೆ ನಿಲ್ಲಿಸಿದರೂ ಆ ಹರಳಿನಷ್ಟು ಭಾರವಿಲ್ಲ.”

ನನಗೆ ಮತದಾನದ ಹಕ್ಕಿದ್ದಿದ್ದರೆ ಅವಳಿಗೇ ಹಾಕುತ್ತಿದ್ದೆ. ಆಟವು ಬಿಟ್ಟುಬಿಟ್ಟ ಮೊದಲ ಭಾಗವೇ ಈ ಹಾಡು ಎಂದು ನನಗೆ ಅನ್ನಿಸಿದ್ದು ಆಗ. ಹಾಡು ಕೊನೆಯಲ್ಲಿ ನಾಲ್ಕಾರು ಸಾಲಿನಲ್ಲಿ ಮುಗಿಸುವ ಗಂಡನ ಸಂಕಟವನ್ನು ಆಟ ಎಂಟು ಹತ್ತು ಗಂಟೆ ಎಳೆಯುತ್ತದೆ. ಆಟ ಒಂದೇ ಮಾತಿನಲ್ಲಿ ತೇಲಿಸಿಬಿಡುವ ಬಲಿಯ ಮೇಲೆ ಹಾಡು ಇಡೀ ಹೊತ್ತು ಕೂರುತ್ತದೆ. ಇದನ್ನು ಹೇಳಲು ಬಾಯಿ ತೆರೆದೆ. “ಸಕ್ಕರೆ ಕಡಿಮೆ,” ಎಂದ ಲೆಕ್ಕಿಗ.

ಹಾಡು, ಆಟ ಎರಡೂ ಕಥೆ ಹೇಳುವ ರೀತಿಯಲ್ಲಿ ಒಂದು ಹುನ್ನಾರ ಇದೆ, ಅದು ಮರುಕಳಿಕೆ. ಪೂಜೆ ಮುಗಿಸಿ ಎಲ್ಲರೂ ಮರಳುವಾಗ ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿದಿದೆ ಎಂದು ನೆನಪಾಗುತ್ತದೆ. ತರಲು ಹೋಗುವವಳು ಭಾಗೀರತಿ. ಬಟ್ಟಲು ಹಿಡಿದು ಮೇಲೆ ಬರುತ್ತಾಳೆ: ಒಂದು ಮೆಟ್ಟಿಲು ಏರಿದರೆ ಪಾದಕ್ಕೆ ನೀರು, ಎರಡು ಏರಿದರೆ ಪಾದ ಮುಳುಗುತ್ತದೆ, ಮೂರಕ್ಕೆ ಮೊಣಕಾಲು, ನಾಲ್ಕಕ್ಕೆ ನಡು, ಐದಕ್ಕೆ ಕೆರೆ ತುಂಬಿ ಹರಿಯುತ್ತದೆ. ಅವಳು ಇಳಿಯುತ್ತಿಲ್ಲ, ಏರುತ್ತಿದ್ದಾಳೆ. ಹಾಡುವವರು ಒಂದು ಮೆಟ್ಟಿಲನ್ನೂ ಬಿಡುವುದಿಲ್ಲ. ಆಟವೂ ಬಿಡುವುದಿಲ್ಲ. ಒಬ್ಬ ದೈತ್ಯ ಬಿದ್ದ, ಹುಡುಗ ಗುಡಿಯಲ್ಲಿ ಎದ್ದ, ಮತ್ತೆ ಖಡ್ಗ, ಮತ್ತೆ ಕುದುರೆ. ಪ್ರತಿ ಸಲ ಅವನ ಮುಖ ಇನ್ನಷ್ಟು ಬಿಳಿಚಿ, ಕೂದಲು ಕಪ್ಪಾಗಿ, ಕೊನೆಕೊನೆಗೆ ತಲೆಯಲ್ಲಿ ಕೋಡಿನ ಗುರುತು. ನಿಲ್ಲಿಸಬಹುದಲ್ಲ ಎಂದು ನಾವೆಲ್ಲ ಹೇಳುತ್ತಿದ್ದೆವು. ಗುಂಡಿ ಒತ್ತುತ್ತಿದ್ದೆವು.

ಮೂರನೆಯ ಭಾನುವಾರ ಕಡೆಯ ದೈತ್ಯನ ದಾರಿಯಲ್ಲಿ ಸೇತುವೆ ಕುಸಿಯಿತು. ಅಗ್ರೋ ಹುಡುಗನನ್ನು ಆಚೆಗೆ ಎಸೆದು ತಾನು ಕಂದರಕ್ಕೆ ಬಿತ್ತು. ಮೇಷ್ಟರು ನಿಯಂತ್ರಕ ಕೆಳಗಿಟ್ಟು ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ಬೇಳೆಯ ಹರಳೇ ಎಂದು ಕೇಳುವ ಧೈರ್ಯ ಗೆಳತಿಗೂ ಇರಲಿಲ್ಲ.

ಅಷ್ಟರಲ್ಲಿ ಹುಡುಗನನ್ನು ಹಿಂಬಾಲಿಸಿ ಬಂದ ಹಿರಿಯನೊಬ್ಬ ಗುಡಿ ಸೇರಿದ್ದ.

“ಇವನು ಯಾರು?”

“ಲಾರ್ಡ್ ಎಮನ್.”

“ಯಮನೋ?”

“ಎಮನ್.”

“ನಮ್ಮ ಹಳ್ಳಿಯಲ್ಲಿ ಯಮನನ್ನು ಎಮ ಎಂದೇ ಕರೆಯುತ್ತಾರೆ. ಜಪಾನಿನವರಿಗೂ ಗೊತ್ತಿದೆ ಎಂದಾಯಿತು,” ಎಂದು ಮೇಷ್ಟರು ಸ್ವಲ್ಪ ಚೇತರಿಸಿಕೊಂಡರು. “ಹೊತ್ತಿಗೆ ತೆಗೆಸಿದವನು ಇವನೇ ಇರಬೇಕು. ಮುಖ ನೋಡಿ.”

ಎಮನ್ ಖಡ್ಗವನ್ನು ಗುಡಿಯ ಹಿಂಭಾಗದ ಕೊಳಕ್ಕೆ ಎಸೆದ. ಕೊಳ ಬೆಳಕಾಗಿ ಎಲ್ಲವನ್ನೂ ಒಳಗೆ ಸೆಳೆಯತೊಡಗಿತು. ಇಲ್ಲಿ ಆಟ ಹುಡುಗನನ್ನು ಮತ್ತೆ ನಮ್ಮ ಕೈಗೆ ಕೊಡುತ್ತದೆ. ಓಡಬಹುದು, ಮೆಟ್ಟಿಲಿನ ಅಂಚು ಹಿಡಿದು ಜೋತಾಡಬಹುದು, ಅವಳ ಕಡೆ ಎರಡು ಹೆಜ್ಜೆ ಇಡಬಹುದು. ಗೆಲ್ಲಲು ಮಾತ್ರ ಆಗುವುದಿಲ್ಲ.

ಮೇಷ್ಟರಿಗೆ ಇದನ್ನು ನಾವು ಹೇಳಲಿಲ್ಲ. ಅವರು ಹಿಡಿದರು. ಜಾರಿದರು, ಎದ್ದರು, ಮತ್ತೆ ಹಿಡಿದರು. ಹೆಬ್ಬೆರಳು ಬೆಳ್ಳಗಾಗಿತ್ತು.

“ಮೂರು,” ಎಂದಳು ಗೆಳತಿ ಮೆಟ್ಟಿಲು ಎಣಿಸುತ್ತಾ. “ನಾಲ್ಕು. ಮತ್ತೆ ಮೂರು.”

“ಹಾಡಿನಲ್ಲಿ ಅವನು ತಾನೇ ಹಾರುತ್ತಾನಲ್ಲ,” ಎಂದ ಲೆಕ್ಕಿಗ ಮೆಲ್ಲಗೆ. “ಮನೆಗೆ ಬಂದರೆ ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ತವರಿನಲ್ಲಿ ಗೆಳತಿಯ ಮನೆಗೆ ಎನ್ನುತ್ತಾರೆ. ಗೆಳತಿ ನಿಜ ಹೇಳಿದ ಮೇಲೆ ನೆಟ್ಟಗೆ ಕೆರೆಗೆ.”

“ಅವನು ಹಾರಲಿ. ನಾನು ಬಿಡುವುದಿಲ್ಲ,” ಎಂದರು ಮೇಷ್ಟರು.

ಹತ್ತು ನಿಮಿಷವಾಯಿತು. ಅವರ ಮೊಬೈಲ್ ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಮೂರನೆಯ ಸಲ ಮನೆಯವರ ಕರೆ ಎಂದು ನಾನು ಹೇಳಿದಾಗ ಅವರ ಗಮನ ಅರೆಕ್ಷಣ ತಪ್ಪಿತು. ಹುಡುಗ ಬೆಳಕಿನೊಳಗೆ ಹೋದ.

ಆಮೇಲೆ ಮೋನೋ ಎದ್ದು ಕುಳಿತಳು. ಅವಳ ಎದುರು ಕುಂಟುತ್ತಾ ಬಂದು ನಿಂತದ್ದು ಅಗ್ರೋ. ಮೇಷ್ಟರು ಸೋಫಾದಿಂದ ಎದ್ದೇಬಿಟ್ಟರು. ಕೊಳದಲ್ಲಿ ಕೋಡಿನ ಗುರುತಿರುವ ಕೂಸು ಸಿಕ್ಕಿದ್ದನ್ನು ಅವರು ಸರಿಯಾಗಿ ನೋಡಲೇ ಇಲ್ಲ. “ಬದುಕಿದೆ! ಕಾಲು ಮಾತ್ರ ಉಳುಕಿದೆ!” ಎಂದು ಮನೆಗೆ ಫೋನ್ ಮಾಡಿ ಹೇಳಿದರು. ಆ ಕಡೆಯವರು ಯಾರ ಕಾಲು ಎಂದು ಗಾಬರಿಯಾದದ್ದು ನಮಗೆಲ್ಲ ಕೇಳಿಸಿತು.

ಚಪ್ಪಲಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು.

“ಮೂವತ್ತು ವರ್ಷ ಈ ಹಾಡನ್ನು ಪಾಠ ಮಾಡಿದೆ. ಮಾದೇವರಾಯ ಹಾರಿದ ಮೇಲೆ ಆ ಬತ್ತಲಗುದುರೆ ಏನಾಯಿತು ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.”

“ಏರಿಯ ಮೇಲೆ ನಿಂತಿರುತ್ತದೆ,” ಎಂದ ಇಂಜಿನಿಯರ್. “ದೂರದಿಂದ ಓಡಿ ಬಂದದ್ದು, ಬಾಯಾರಿರುತ್ತದೆ.”

“ಆಗ?”

ಇಂಜಿನಿಯರ್ ಉತ್ತರ ಕೊಡಲು ಹೋಗಿ ಸುಮ್ಮನಾದ. ಕೆರೆ ತುಂಬಿತ್ತಲ್ಲ.