ಪುಟ್ಟುವಿನ ಕೌನ್ಸೆಲಿಂಗ್ ಬಗ್ಗೆ ಚಿಕ್ಕಮ್ಮನಿಗೆ

ಚಿಕ್ಕಮ್ಮ, ಬೆಳಗ್ಗೆ ನಿಮ್ಮ ಮೆಸೇಜ್ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡ್ತಾನೇ ಕೇಳಿ.

"ಎರಡು ಸಲ ಹೋಗಿ ಬಂದದ್ದಾಯಿತು, ಕೌನ್ಸೆಲರ್ ಒಂದು ಸಲಹೆಯನ್ನೂ ಕೊಡಲಿಲ್ಲ. ಹೇಗನಿಸುತ್ತಿದೆ ಅಂತ ಕೇಳಿ ಕಳಿಸಿದರು. ಇದರ ಬದಲು ಯಾರಾದರೂ ಕೋಚ್ ಹತ್ತಿರ ಓದೋಕೆ ಟೈಮ್‌ಟೇಬಲ್ ಹಾಕಿಸ್ತೀನಿ" ಅಂತ ಬರೆದಿದ್ದೀರಿ. ದಯವಿಟ್ಟು ಈಗಲೇ ನಿಲ್ಲಿಸಬೇಡಿ. ಶಾಲೆಯಲ್ಲಿ ಮಕ್ಕಳ ಜೊತೆ ಇದೇ ಕೆಲಸ ಮಾಡುವವಳಾಗಿ ಹೇಳುತ್ತಿದ್ದೇನೆ.

ಮೊನ್ನೆ ಭಾನುವಾರ ಮಲ್ಲೇಶ್ವರದ ಅಜ್ಜಿ ಮನೆಗೆ ನೀವೆಲ್ಲ ಬಂದಿದ್ದಿರಲ್ಲ, ಆಗ ದೊಡ್ಡಪ್ಪ ಪ್ರೀತಿಯಿಂದಲೇ "ಪಿಯು ಎಷ್ಟು ಪರ್ಸೆಂಟ್ ಬಂತೋ?" ಅಂದರು. ಪುಟ್ಟುವಿನ ಕೈ ಚಪಾತಿ ಮುರಿಯುತ್ತಿದ್ದದ್ದು ಅಲ್ಲೇ ನಿಂತಿತು. ಕಿವಿ ಕೆಂಪಾಯಿತು. ಆಮೇಲೆ ನೀವು ಮೂರು ಸಲ "ಪಲ್ಯ ಹಾಕಲಾ?" ಅಂದರೂ ಅವನಿಗೆ ಕೇಳಿಸಲಿಲ್ಲ. ಸೊಕ್ಕು ಅಂತ ಬೈದಿರಿ. ಅದು ಸೊಕ್ಕಲ್ಲ ಚಿಕ್ಕಮ್ಮ, ಹೆದರಿಕೆ.

ಮಿದುಳಿನ ಒಳಗೆ ಎರಡೂ ಪಕ್ಕ ಅಮಿಗ್ಡಲಾ ಅಂತ ಬಾದಾಮಿ ಗಾತ್ರದ ಭಾಗ ಇದೆ. ಅಪಾಯದ ಸುಳಿವು ಸಿಕ್ಕರೆ ನಾವು ಯೋಚನೆ ಮಾಡುವ ಮೊದಲೇ ಅದು ಮೈಯನ್ನು ಎಚ್ಚರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಹಿಂಡುತ್ತದೆ. ಎದುರಿಗೆ ಹಾವಿದ್ದರೂ ಅಷ್ಟೆ, ಮಾರ್ಕ್ಸ್ ಕಾರ್ಡ್ ಇದ್ದರೂ ಅಷ್ಟೆ. ಹಣೆಯ ಹಿಂದೆ ಇರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಲೆಕ್ಕ ಹಾಕುವ, ಮುಂದಿನದ್ದು ಯೋಚಿಸುವ ಭಾಗ. ಒತ್ತಡ ಜಾಸ್ತಿಯಾದಾಗ ಅದರ ಹಿಡಿತ ಸಡಿಲವಾಗುತ್ತದೆ. ಅದೂ ಅಲ್ಲದೆ ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ, ಹೆಚ್ಚುಕಡಿಮೆ 25ರ ಹೊತ್ತಿಗೆ. ನಮ್ಮ ಹುಡುಗನಿಗೆ ಈಗ 17. ಆ ಸ್ಥಿತಿಯಲ್ಲಿ ಎಷ್ಟು ಒಳ್ಳೆ ಟೈಮ್‌ಟೇಬಲ್ ಕೊಟ್ಟರೂ ತಲೆಗೆ ಹೋಗುವುದಿಲ್ಲ.

ಸುಮ್ನೆ ಮಾತಾಡಿಸಿ ಕಳಿಸಿದರು ಅಂತ ನಿಮಗನಿಸಿದ್ದೇ ಅಲ್ಲಿ ನಡೆದ ಕೆಲಸ. 2007ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮ್ಯಾಥ್ಯೂ ಲೀಬರ್‌ಮನ್ ಅನ್ನುವವರ ತಂಡ ಮಿದುಳಿನ ಸ್ಕ್ಯಾನ್ ಮಾಡಿ, ಭಾವನೆಗೆ ಹೆಸರಿಟ್ಟರೆ ಏನಾಗುತ್ತದೆ ಅಂತ ನೋಡಿತು. ಸಿಟ್ಟು, ಭಯ ತುಂಬಿದ ಮುಖಗಳ ಫೋಟೋ ತೋರಿಸಿ, ಆ ಭಾವನೆಗೆ ಹೊಂದುವ ಪದ ಆರಿಸಲು ಹೇಳಿದರು. ಪದ ಆರಿಸಿದಾಗ ಅಮಿಗ್ಡಲಾದ ಗದ್ದಲ ಕಡಿಮೆಯಾಯಿತು, ಪ್ರೀಫ್ರಂಟಲ್‌ನ ಒಂದು ಭಾಗ ಚುರುಕಾಯಿತು. ಅಂದರೆ "ನಂಗೆ ಭಯ ಆಗ್ತಿದೆ, ಅಪ್ಪನ ಮುಖ ನೋಡೋಕಾಗ್ತಿಲ್ಲ" ಅಂತ ಹುಡುಗ ಬಾಯಿಬಿಟ್ಟು ಹೇಳುವಷ್ಟರಲ್ಲೇ ಒಳಗೆ ಏನೋ ಇಳಿಯುತ್ತದೆ. ಉಸಿರನ್ನು ನಿಧಾನ ಹೊರಗೆ ಬಿಡಿಸುತ್ತಾರಲ್ಲ, ಅದೂ ಹಾಗೇ. ಎದೆಬಡಿತ ತಗ್ಗಿಸುತ್ತದೆ.

ಕೋಚ್ ಬೇಡ ಅನ್ನುತ್ತಿಲ್ಲ. ಆಮೇಲೆ ಬೇಕಾಗಬಹುದು. ಆದರೆ ಎಂಥವರು ಅನ್ನುವುದು ಮುಖ್ಯ. ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಎರಡು ಥರ ಮಾತಾಡಿಸಿದ್ದರು. ಒಂದರಲ್ಲಿ, ಹತ್ತು ವರ್ಷದ ಮೇಲೆ ಹೇಗಿರಬೇಕು ಅಂತ ಆಸೆ ಅನ್ನುವ ಮಾತು. ಇನ್ನೊಂದರಲ್ಲಿ, ಹೋಮ್‌ವರ್ಕ್ ಮುಗಿಸ್ತೀಯಾ, ಎಲ್ಲಿ ಹಿಂದೆ ಬಿದ್ದಿದ್ದೀಯ ಅನ್ನುವ ವಿಚಾರಣೆ. ಮೊದಲನೆಯ ಥರ ಮಾತಾಡಿಸಿದವರ ಜೊತೆ ಇದ್ದಾಗ ವಿದ್ಯಾರ್ಥಿಗಳಲ್ಲಿ, ಮುಂದಿನದ್ದನ್ನು ಕಣ್ಣೆದುರು ಚಿತ್ರಿಸಿಕೊಳ್ಳುವ ಮಿದುಳಿನ ಭಾಗಗಳು ಹೆಚ್ಚು ಕೆಲಸ ಮಾಡಿದವು. ನಮ್ಮ ಪುಟ್ಟುವಿಗೆ ಇಡೀ ಮನೆಯಿಂದ ಎರಡನೇ ಥರದ ಪ್ರಶ್ನೆಗಳೇ ಬರುತ್ತಿವೆ. ಬರುತ್ತಿವೆ ಅಲ್ವಾ?

ಅವನು ರಾತ್ರಿ ನಿದ್ದೆ ಬಾರದೆ ಒದ್ದಾಡಿದರೆ, ನಿಮಗೇ ದಿಗಿಲಾದರೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್ ಅಂತ, ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್‌. ಪುಟ್ಟುವಿಗೂ ನಂಬರ್ ಕೊಟ್ಟಿರಿ.

ಗುರುವಾರ ಹೋಗಿ ವಾಪಸ್ ಬರುವಾಗ ಮೆಟ್ರೋದಲ್ಲಿ "ಏನು ಕೇಳಿದರು, ನೀನೇನು ಹೇಳಿದೆ" ಅಂತ ಕೆದಕಬೇಡಿ. ಅಲ್ಲಿ ಹೇಳಿದ್ದು ಮನೆಗೆ ಬರುತ್ತದೆ ಅನಿಸಿದರೆ ಮುಂದಿನ ಸಲ ಬಾಯಿಯೇ ಬಿಡುವುದಿಲ್ಲ. ಚಿಕ್ಕಪ್ಪನಿಗೂ ಹೇಳಿ. ನಿಮಗೆ ಅಂಗಡಿ ಬಿಟ್ಟು ಬರೋಕೆ ಆಗದಿದ್ದರೆ ನಾನು ಅರ್ಧ ದಿನ ರಜೆ ಹಾಕಿ ಕರ್ಕೊಂಡು ಹೋಗ್ತೀನಿ, ರಾತ್ರಿಯೊಳಗೆ ತಿಳಿಸಿ.